ಕೇದಗೆ ನೆಡುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ತೋಡು, ಹಳ್ಳ, ಕೆರೆ, ಜೌಗು ಗದ್ದೆಗಳ ಪಕ್ಕದಲ್ಲಿ ನೆಲ ಇರುವವರಿಗೆ. ಮನೆಯ ಹಿಂದೆ ನೀರು ನಿಲ್ಲುವ ಮೂಲೆಗೆ ಮಣ್ಣು ಹೊಡೆಸದೆ ಅದನ್ನು ಜೌಗು ತೋಟವಾಗಿಯೇ ಉಳಿಸಿಕೊಳ್ಳಲು ಹೊರಟವರಿಗೆ. ಕೆರೆಯಂಚಿಗೆ ಏನು ನೆಡುವುದೆಂದು ಸಭೆ ಕರೆದಿರುವ ಪಂಚಾಯತಿ, ಯುವಕ ಮಂಡಲ, ಶಾಲೆಗಳಿಗೆ. ನಮ್ಮ ನೆಲದ್ದೇ ಆದ, ವರ್ಷವಿಡೀ ಹಸಿರಾಗಿರುವ, ಕೆಸರಿಗೂ ಉಪ್ಪುಗಾಳಿಗೂ ಜಗ್ಗದ ಪೊದೆ ಬೇಕೆಂದರೆ ಕರಾವಳಿಯವರು ದೂರ ಹುಡುಕಬೇಕಾಗಿಲ್ಲ, ಕೇದಗೆ ಇದೆ. ಸಸ್ಯಶಾಸ್ತ್ರದವರು ಪಾಂಡಾನಸ್ ಒಡೊರಿಫರ್ ಎಂದು ಬರೆಯುವ ಇದನ್ನು ಹೂವಿಗಾಗಿ ನೆನೆಯುವಾಗ ಕೇದಗೆ ಎನ್ನುತ್ತೇವೆ, ಎಲೆಗಾಗಿ ಹುಡುಕುವಾಗ ಮುಂಡೇವು, ಮುಂಡುಗ, ಮುಂಡಿಗೆ ಎಂದು ಊರಿಗೊಂದು ಹೆಸರು ಹೇಳುತ್ತೇವೆ.

ಕೆಳಗಿನದನ್ನೆಲ್ಲ ಕಟ್ಟುನಿಟ್ಟಾಗಿಯೇ ಹೇಳಿದೆ. ತಪ್ಪು ಜಾಗದಲ್ಲಿ ಬೇರೂರಿದ ಕೇದಗೆಯನ್ನು ತೆಗೆಯುವುದು ಕಷ್ಟದ ಕೆಲಸ. ಸರಿಯಾದ ಜಾಗದಿಂದ ಅದನ್ನು ಕಿತ್ತ ಮೇಲೆ ಕುಸಿದ ದಂಡೆಯನ್ನು ಮರಳಿ ಕಟ್ಟುವುದು ಅದಕ್ಕಿಂತ ಎಷ್ಟೋ ಕಷ್ಟ.

ಮೊದಲು, ಇರುವುದನ್ನು ಕಡಿಯಬೇಡಿ

ಹೊಸ ಗಿಡ ನೆಡುವ ಮಾತು ಆಮೇಲೆ. ನಿಮ್ಮ ತೋಡಿನ ಬದಿಯಲ್ಲಿ ಹಳೆಯ ಕೇದಗೆ ಹಿಂಡು ಇದ್ದರೆ ಅದನ್ನು ಮುಟ್ಟಬೇಡಿ. ಹೂಳೆತ್ತುವ ನೆಪದಲ್ಲಿ, ದಾರಿ ಅಗಲ ಮಾಡುವ ನೆಪದಲ್ಲಿ, ಹಾವು ಸೇರುತ್ತದೆಂಬ ಹೆದರಿಕೆಯಲ್ಲಿ ಇಂಥ ಹಿಂಡುಗಳನ್ನು ಒಂದೇ ಬೆಳಗ್ಗೆ ಜೆಸಿಬಿ ಬುಡಸಮೇತ ಎತ್ತಿ ಹಾಕುತ್ತದೆ. ಆ ಜಾಗಕ್ಕೆ ಕಾಂಕ್ರೀಟಿನ ತಡೆಗೋಡೆ ಬರುತ್ತದೆ. ಗೋಡೆ ನಿಂತಷ್ಟು ಉದ್ದಕ್ಕೆ ದಂಡೆ ಗಟ್ಟಿಯಾಗಿ ಕಾಣುವುದು ನಿಜ. ಆದರೆ ನುಣುಪಾದ ಗೋಡೆಗೆ ತಾಗಿ ಹರಿಯುವ ನೀರಿಗೆ ತಡೆಯಿಲ್ಲ, ಅದರ ವೇಗ ಹೆಚ್ಚುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಮಣ್ಣನ್ನು ಕೊರೆಯಲು ಶುರುಮಾಡುತ್ತದೆ. ಕೆಳಗಿನ ಮನೆಯವರ ಗದ್ದೆಬದು ಕುಸಿಯುವುದು ಹೀಗೆ.

ಕೇದಗೆ ಮಾಡುವ ಕೆಲಸವೇ ಬೇರೆ. ಕಾಂಡದ ಮೇಲಿನಿಂದ ಇಳಿಯುವ ಬಿಳಲುಗಳು ನೆಲ ಸೇರಿ ಸುತ್ತಲೂ ಊರುಗೋಲಾಗಿ ನಿಲ್ಲುತ್ತವೆ. ನೆರೆಯ ನೀರು ಆ ಬಿಳಲುಗಳ ನಡುವೆ ನುಗ್ಗುವಾಗ ವೇಗ ಕಳೆದುಕೊಳ್ಳುತ್ತದೆ, ಹೊತ್ತು ತಂದ ಮರಳನ್ನೂ ಗೋಡನ್ನೂ ಅಲ್ಲೇ ಬಿಟ್ಟುಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಹಳೆಯ ಹಿಂಡಿನ ಬುಡದಲ್ಲಿ ಕುಳಿತು ನೋಡಿ. ಬಿಳಲುಗಳ ಸಂದಿಯಲ್ಲಿ ಹೊಸ ಮಣ್ಣು ಪದರಪದರವಾಗಿ ಕೂತಿರುವುದು ಕಾಣುತ್ತದೆ.

ಆದ್ದರಿಂದ ಹೂಳೆತ್ತಲು ಯಂತ್ರ ಬರುವ ಮೊದಲು ಹಿಂಡಿನ ಸುತ್ತ ಹಗ್ಗ ಕಟ್ಟಿ, ಬಟ್ಟೆಯ ಗುರುತು ಹಾಕಿ. ಯಂತ್ರ ನಡೆಸುವವರಿಗೆ ಎದುರಿಗೆ ನಿಂತು ತೋರಿಸಿ, ಫೋನಿನಲ್ಲಿ ಹೇಳಿ ಬಿಟ್ಟರೆ ಸಾಲದು. ನಡೆಯಲು ದಾರಿ ಬೇಕಾದರೆ ಒಂದು ಬದಿಯ ಕೊಂಬೆಗಳನ್ನಷ್ಟೇ ಗರಗಸದಿಂದ ಕತ್ತರಿಸಿ, ಅದೂ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಹುಂಡುಕೋಳಿ ಇಂಥ ಪೊದೆಯೊಳಗೇ ಗೂಡು ಕಟ್ಟುತ್ತದೆ, ಆಗ ದಾರಿಗಾಗಿ ಕತ್ತಿ ಹಾಕಬಾರದು.

ಬೆಂಕಿಯಂತೂ ಬೇಡವೇ ಬೇಡ. ಒಣಗಿದ ಎಲೆಗಳು ಉದುರದೆ ಕಾಂಡಕ್ಕೆ ಜೋತುಬಿದ್ದಿರುತ್ತವೆ, ಒಂದು ಕಿಡಿ ಸಾಕು. ಹಾವಿಗೆ ಹೆದರಿ ಬೆಂಕಿ ಇಡುವವರು ಒಂದು ಮಾತು ತಿಳಿದಿರಬೇಕು. ಹಾವು ಅಲ್ಲಿಗೆ ಬರುವುದು ಇಲಿ, ಕಪ್ಪೆಗಳಿಗಾಗಿ ಮತ್ತು ತಂಪಾದ ನೆರಳಿಗಾಗಿ, ಹೂವಿನ ಪರಿಮಳಕ್ಕಲ್ಲ. ಪೊದೆ ಸುಟ್ಟರೆ ಹಾವು ಮನೆಯ ಕಡೆಗೇ ಬರುತ್ತದೆ.

ಎಲ್ಲಿ ನೆಡಬೇಕು, ಎಲ್ಲಿ ಕೂಡದು

ತೋಡು ತಿರುಗುವಲ್ಲಿ ಹೊರಮೈಗೆ ನೀರಿನ ಪೆಟ್ಟು ಬೀಳುತ್ತದೆ, ಕೇದಗೆಯನ್ನು ಅಲ್ಲಿ ನೆಡಿ. ಒಳಮೈಯಲ್ಲಿ ಮರಳು ತಾನಾಗಿ ಕೂರುತ್ತದೆ, ಅಲ್ಲಿ ನೆಡುವ ಅಗತ್ಯವಿಲ್ಲ. ಸದಾ ನೀರು ನಿಂತಿರುವ ಗುಂಡಿಯ ನಡುವೆ ಊರಬೇಡಿ. ಬೆಳೆದ ಗಿಡ ನೆರೆಯನ್ನು ತಡೆದುಕೊಳ್ಳುತ್ತದೆ, ಆದರೆ ಎಳೆಯ ಕೊಂಬೆಯ ಬುಡ ನಿಂತ ನೀರಿನಲ್ಲಿ ಕೊಳೆಯುತ್ತದೆ. ಸಾಮಾನ್ಯ ಮಳೆಗಾಲದ ನೀರಿನ ಮಟ್ಟವನ್ನು ದಂಡೆಯ ಮೇಲೆ ಗುರುತಿಸಿಕೊಳ್ಳಿ, ಅದಕ್ಕಿಂತ ಒಂದಡಿ ಮೇಲೆ ಗುಂಡಿ ತೆಗೆಯಿರಿ. ಬಿಳಲುಗಳು ಆಮೇಲೆ ತಾವೇ ನೀರಿನ ಕಡೆಗೆ ಇಳಿಯುತ್ತವೆ.

ಎರಡು ಮಾರಿಗಿಂತ ಕಿರಿದಾದ ತೋಡಿಗೆ ಎರಡೂ ಬದಿ ನೆಡಬೇಡಿ. ಹತ್ತು ವರ್ಷದಲ್ಲಿ ಎರಡು ಬದಿಯ ಪೊದೆಗಳು ಕೂಡಿಕೊಂಡು ನೀರನ್ನು ಹಿಂದಕ್ಕೆ ತಳ್ಳುತ್ತವೆ, ಮೇಲಿನ ಗದ್ದೆ ಮುಳುಗುತ್ತದೆ. ಮೋರಿ, ಕಟ್ಟ, ಕಾಲುಸಂಕಗಳ ಹತ್ತಿರ ಹತ್ತು ಮೀಟರ್ ಬಿಟ್ಟು ನೆಡಿ.

ಕೆರೆಯ ಮಣ್ಣಿನ ಏರಿಯ ಮೇಲೆ ಕೇದಗೆಯನ್ನು ನೆಡಲೇಬಾರದು. ಏರಿಯೊಳಗೆ ಇಳಿದ ಬೇರು ಮುಂದೊಂದು ದಿನ ಸತ್ತು ಕೊಳೆತಾಗ ಆ ಜಾಗ ಟೊಳ್ಳಾಗುತ್ತದೆ, ನೀರು ಅದರೊಳಗೆ ದಾರಿ ಮಾಡಿಕೊಳ್ಳುತ್ತದೆ. ತೂಬು ಮತ್ತು ಕೋಡಿಯ ಹತ್ತಿರವೂ ಬೇಡ. ಕೆರೆಗೆ ನೀರು ಬಂದು ಸೇರುವ ಹಳ್ಳದ ಬಾಯಿ ಮತ್ತು ಏರಿಯ ಎದುರಿನ ಜೌಗು ಅಂಚು, ಇವೆರಡೇ ಕೆರೆಯಲ್ಲಿ ಕೇದಗೆಗೆ ಒಪ್ಪುವ ಜಾಗ. ಹೂಳನ್ನು ಅದು ಬಾಯಲ್ಲೇ ಹಿಡಿಯುತ್ತದೆ.

ಇನ್ನು ಮೂರು ಬಗೆಯ ಜಾಗಗಳಿಗೆ ಕೇದಗೆಯನ್ನು ಒಯ್ಯಲೇಬೇಡಿ. ಗಿಡ ನೆಡುವ ಉತ್ಸಾಹದಲ್ಲಿ ಹೆಚ್ಚು ಹಾನಿಯಾಗುತ್ತಿರುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಒಂದನೆಯದು ಮುರಕಲ್ಲಿನ ಪದವುಗಳು. ಬೇಸಿಗೆಯಲ್ಲಿ ಬೋಳು ಬಂಡೆಯಾಗಿ ಕಾಣುವ ಈ ಬಯಲುಗಳಲ್ಲಿ ಜೂನ್ ಕಳೆಯುವ ಹೊತ್ತಿಗೆ ಬೆರಳೆತ್ತರದ ನೀರು ನಿಲ್ಲುತ್ತದೆ. ಅದರಲ್ಲಿ ಡ್ರಾಸೆರಾ, ಯುಟ್ರಿಕ್ಯುಲೇರಿಯಾದಂಥ ಕೀಟಾಹಾರಿ ಸಸ್ಯಗಳೂ ಗುಂಡಿಯಂಥ ಬಿಳಿ ಹೂವಿನ ಎರಿಯೊಕಾಲನ್‌ಗಳೂ ಏಳುತ್ತವೆ. ಕೆಲವೇ ತಿಂಗಳ ಬಾಳು ಅವುಗಳದು, ಪೂರ್ತಿ ಬಿಸಿಲು ಬೇಕು, ಸಾರವಿಲ್ಲದ ನೆಲವೇ ಬೇಕು. ಅಲ್ಲಿ ಪೊದೆ ನೆಟ್ಟರೆ ನೆರಳೂ ತರಗೂ ಬಿದ್ದು ಅವು ಅಳಿಯುತ್ತವೆ. ಪದವುಗಳನ್ನು ಪಾಳುಭೂಮಿ ಎಂದು ಕರೆದು ಅಲ್ಲಿ ವನಮಹೋತ್ಸವ ಮಾಡುವುದು ನಿಲ್ಲಬೇಕು.

ಎರಡನೆಯದು ಅಳಿವೆಯ ಕೆಸರುಬಯಲು. ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಈ ಕೆಸರಿನಲ್ಲೇ ಚಿಪ್ಪಿಮೀನು ಇರುವುದು, ವಲಸೆ ಹಕ್ಕಿಗಳು ಮೇಯುವುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿ ಆಯುವುದನ್ನೇ ನಂಬಿದ ಮನೆಗಳಿವೆ. ಬೋಳಾಗಿದೆಯೆಂದು ಅಲ್ಲಿ ಏನನ್ನೂ ನೆಡಬಾರದು. ಉಪ್ಪುನೀರಿನ ಅಂಚಿನಲ್ಲಿ ಕಾಂಡ್ಲ ಇರುವ ಕಡೆ ಕಾಂಡ್ಲವೇ ಇರಲಿ. ಅದರ ಹಿಂದೆ, ಗಜನಿಯ ಬದು ಕಳೆದು ಗಟ್ಟಿ ನೆಲ ಶುರುವಾಗುವಲ್ಲಿ ಕೇದಗೆ ಬರಬಹುದು.

ಮೂರನೆಯದು ಕಾಡಿನ ಜಡ್ಡಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿರುವಂಥ ರಾಂಪತ್ರೆ ಜಡ್ಡಿಗಳು ಪಶ್ಚಿಮಘಟ್ಟದ ಅತಿ ಹಳೆಯ ಜೌಗುಕಾಡುಗಳು. ಆ ಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರ ಇರುವುದು ಇಂಥಲ್ಲಿಯೇ. ಜಡ್ಡಿಯ ನೆರಳಿನಲ್ಲಿ ಅದರದ್ದೇ ಆದ ಮುಂಡಿಗೆ ಬೆಳೆಯುತ್ತದೆ. ಅದು ಕೇದಗೆಯ ದಾಯಾದಿ, ಜಾತಿ ಬೇರೆ. ಕರಾವಳಿಯ ಗಿಡವನ್ನು ಅಲ್ಲಿಗೆ ಒಯ್ಯಬೇಡಿ, ಅಲ್ಲಿಯದನ್ನು ತೋಟಕ್ಕೆ ಕಿತ್ತು ತರಬೇಡಿ. ಜಡ್ಡಿಗೆ ನಾವು ಮಾಡಬಹುದಾದ ಉಪಕಾರವೆಂದರೆ ಅದರ ನೀರನ್ನು ತೋಟಕ್ಕೆ ತಿರುಗಿಸದಿರುವುದು.

ಮನೆಯಂಗಳ, ಶಾಲೆಯ ಆಟದ ಬಯಲು, ಕಾಲುದಾರಿ, ಬಾವಿಕಟ್ಟೆ, ಇವುಗಳ ಪಕ್ಕ ನೆಡಬೇಡಿ. ಎಲೆಯ ಎರಡು ಅಂಚಿಗೂ ಅಡಿಯ ನಡುದಿಂಡಿಗೂ ಮುಳ್ಳಿನ ಸಾಲು ಇದೆ, ಎಲೆ ಮಕ್ಕಳ ಕಣ್ಣಿನ ಎತ್ತರಕ್ಕೇ ಬಾಗಿರುತ್ತದೆ. ಎಲೆಯ ಸಂದಿಗಳಲ್ಲಿ ಮಳೆನೀರು ನಿಂತು ಸೊಳ್ಳೆ ಮರಿ ಮಾಡಲೂ ಆಗುತ್ತದೆ. ಮನೆಯಿಂದ ಇಪ್ಪತ್ತು ಮೀಟರ್ ಆದರೂ ದೂರವಿರಲಿ. ಬೆಂಗಳೂರು, ಮೈಸೂರಿನ 30×40 ಸೈಟಿನಲ್ಲಿ ಜೌಗು ತೋಟ ಮಾಡುವವರಿಗೆ ಈ ಗಿಡ ಬೇಡ. ನಾಲ್ಕೈದು ಮೀಟರ್ ಎತ್ತರಕ್ಕೂ ಅಷ್ಟೇ ಅಗಲಕ್ಕೂ ಹರಡುವ ಪೊದೆಗೆ ಅಲ್ಲಿ ಜಾಗವಿಲ್ಲ, ಬಜೆ ಮತ್ತು ಒಂದೆಲಗ ಚೆನ್ನಾಗಿ ಬರುತ್ತವೆ.

ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲ ಸಂದಿಯಲ್ಲಿ ಊರಬೇಡಿ, ಬೇರು ಕಲ್ಲನ್ನು ಎಬ್ಬಿಸುತ್ತದೆ. ಶಿವನ ಪೂಜೆಗೆ ಕೇದಗೆ ಸಲ್ಲದೆಂಬ ನಂಬಿಕೆ ಇರುವುದರಿಂದ ಗುಡಿಯ ಜಾಗದಲ್ಲಿ ನೆಡುವ ಮೊದಲು ಊರಿನ ಹಿರಿಯರನ್ನು ಕೇಳಿಯೇ ಮುಂದುವರಿಯಿರಿ. ನೆಟ್ಟ ಮೇಲೆ ಜಗಳವಾಗಿ ಗಿಡ ಕೀಳಿಸಿಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ.

ಗಿಡ ಎಲ್ಲಿಂದ ತರಬೇಕು

ನರ್ಸರಿಯಲ್ಲಿ ಕೇದಗೆ ಎಂದು ಕೊಟ್ಟದ್ದೆಲ್ಲ ಕೇದಗೆಯಲ್ಲ. ಎಲೆಯಲ್ಲಿ ಹಳದಿ, ಬಿಳಿ ಪಟ್ಟೆ ಇರುವ ಅಲಂಕಾರದ ಜಾತಿಗಳು ಹೊರನಾಡಿನವು. ಮುಳ್ಳಿನ ಅಂಚು ಕೆಂಪಾಗಿರುವ, ನೆಟ್ಟಗೆ ಮರವಾಗಿ ಬೆಳೆಯುವ ಪಾಂಡಾನಸ್ ಯುಟಿಲಿಸ್ ಮಡಗಾಸ್ಕರಿನದು. ಅನ್ನಕ್ಕೆ ಹಾಕಿದರೆ ಬಾಸ್ಮತಿಯ ಪರಿಮಳ ಕೊಡುವ, ಹೆಚ್ಚುಕಡಿಮೆ ಮುಳ್ಳಿಲ್ಲದ ಕುಳ್ಳು ಗಿಡ ಆಗ್ನೇಯ ಏಷ್ಯಾದ್ದು. ಅದರ ಪರಿಮಳ ಎಲೆಯಲ್ಲಿ, ಹೂವಿಗಾಗಿ ಕಾದರೆ ನಿರಾಶೆಯೇ. ಅಡುಗೆಗೆ ಬೇಕಾದರೆ ಕುಂಡದಲ್ಲಿ ಬೆಳೆಸಿಕೊಳ್ಳಿ. ದಂಡೆ ಹಿಡಿಯಲು ಇವು ಯಾವುವೂ ಬೇಡ.

ನಿಮ್ಮ ಊರಿನದ್ದೇ, ಅದೇ ತೋಡಿನದ್ದೇ ಗಿಡದಿಂದ ಕೊಂಬೆ ತನ್ನಿ. ಜಾಗದ ಯಜಮಾನರನ್ನು ಕೇಳಿ ತನ್ನಿ. ನಾಗಬನದಿಂದ, ದೇವರಕಾಡಿನಿಂದ, ಅರಣ್ಯ ಇಲಾಖೆಯ ಜಾಗದಿಂದ ಒಂದು ಎಲೆಯನ್ನೂ ತರಬಾರದು. ಹಲವು ಊರುಗಳಲ್ಲಿ ಹಳೆಯ ಕೇದಗೆ ಉಳಿದಿರುವುದೇ ನಾಗನ ಭಯಭಕ್ತಿಯಿಂದ. ಆ ಬನಗಳನ್ನು ಹಾಗೇ ಬಿಡುವುದು ನಮ್ಮ ಜವಾಬ್ದಾರಿ.

ಕೇದಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಾವು ಮುಡಿಯುವ, ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡುವ, ಕೆನೆಬಣ್ಣದ ಹೊದಿಕೆಯ ಘಮಘಮ ಹೂ ಗಂಡಿನದು. ಹೆಣ್ಣು ಗಿಡದಲ್ಲಿ ಅನಾನಸಿನಂಥ ಕಾಯಿ ಕಟ್ಟಿ, ಹಣ್ಣಾದಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೊಂಬೆಯಿಂದ ಬೆಳೆದ ಗಿಡ ತಾಯಿಗಿಡದ ಲಿಂಗವನ್ನೇ ಪಡೆಯುತ್ತದೆ. ಎಲ್ಲರೂ ಹೂವಿನ ಆಸೆಗೆ ಗಂಡು ಗಿಡದ ಕೊಂಬೆಯನ್ನೇ ಕೇಳುತ್ತಾರೆ. ಹೀಗೇ ಮುಂದುವರಿದರೆ ಒಂದಿಡೀ ತೋಡಿನಲ್ಲಿ ಬೀಜವಾಗುವುದೇ ನಿಲ್ಲುತ್ತದೆ. ಹತ್ತು ಗಿಡ ನೆಡುವಲ್ಲಿ ನಾಲ್ಕಾದರೂ ಹೆಣ್ಣಿರಲಿ. ಒಂದೇ ತಾಯಿಯಿಂದ ಎಲ್ಲ ಕೊಂಬೆ ತೆಗೆಯಬೇಡಿ, ಮೂರು ನಾಲ್ಕು ಬೇರೆಬೇರೆ ಹಿಂಡುಗಳಿಂದ ತನ್ನಿ. ಬೀಜದಿಂದಲೂ ಬೆಳೆಸಬಹುದು, ಆದರೆ ಮೊಳೆಯುವುದು ನಿಧಾನ, ಗಂಡೋ ಹೆಣ್ಣೋ ಎಂದು ಹೂ ಬರುವವರೆಗೆ ತಿಳಿಯುವುದಿಲ್ಲ.

ನೆಡುವ ಕ್ರಮ

ಕೈಗೆ ದಪ್ಪ ಕೈಗವಸು, ಮೈಗೆ ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ. ಇವಿಲ್ಲದೆ ಯಾರನ್ನೂ, ಅದರಲ್ಲೂ ಶಾಲೆಯ ಮಕ್ಕಳನ್ನು ಕೊಂಬೆ ಕತ್ತರಿಸಲು ಬಿಡಬಾರದು.

ಬುಡದಲ್ಲಿ ಒಂದೆರಡು ಬಿಳಲು ಇಳಿಯಲು ಶುರುವಾಗಿರುವ, ಎರಡರಿಂದ ಮೂರು ಅಡಿ ಉದ್ದದ ಕೊಂಬೆಯನ್ನು, ಪೊದೆಯಲ್ಲಿ ಹಕ್ಕಿಗೂಡಿಲ್ಲವೆಂದು ನೋಡಿಕೊಂಡು, ಆರಿಸಿ. ಕತ್ತಿಯಿಂದ ಕಡಿದರೆ ತಾಯಿಕೊಂಬೆ ಸೀಳುತ್ತದೆ, ಗರಗಸವನ್ನೇ ಬಳಸಿ. ಬಿಳಲಿನ ತುದಿಯನ್ನು ಹತ್ತಿರದಿಂದ ನೋಡಿ. ತುದಿಗೆ ಪದರಪದರವಾದ, ಕಂದುಬಣ್ಣದ ಟೊಪ್ಪಿಗೆ ಇರುತ್ತದೆ. ಶಾಲೆಯ ಪುಸ್ತಕದಲ್ಲಿ ಬೇರಿನ ಟೊಪ್ಪಿಗೆ ಎಂದು ಓದಿದ್ದನ್ನು ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಗಿಡಗಳು ಕಡಿಮೆ. ಅದರ ಒಳಗಿರುವುದೇ ಬೆಳೆಯುವ ಎಳೆ ಭಾಗ. ಸಾಗಿಸುವಾಗ ಅದು ಮುರಿದರೆ ಆ ಬಿಳಲು ಅಲ್ಲಿಗೇ ನಿಂತಂತೆ. ಒದ್ದೆ ಗೋಣಿ ಸುತ್ತಿ ತನ್ನಿ, ಎತ್ತುವಾಗ ಬಿಳಲನ್ನು ಹಿಡಿಯಬೇಡಿ.

ಕಡಿದ ಜಾಗ ಒಣಗಲು ಕೊಂಬೆಯನ್ನು ಒಂದೆರಡು ದಿನ ನೆರಳಿನಲ್ಲಿಡಿ. ಹೊರಸುತ್ತಿನ ಹಳೆಯ ಎಲೆಗಳನ್ನು ತೆಗೆದುಬಿಡಿ, ಉಳಿದವನ್ನು ಅರ್ಧಕ್ಕೆ ಕತ್ತರಿಸಿ. ನಡುವಿನ ಸುಳಿಗೆ ಮಾತ್ರ ಕೈ ಹಾಕಬೇಡಿ. ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಂಡಿ ಸಾಕು. ತೆಗೆದ ಮಣ್ಣಿಗೇ ಕೊಳೆತ ತರಗೆಲೆ ಸೇರಿಸಿ ತುಂಬಿ, ಬಿಳಲುಗಳನ್ನು ನೀರಿನ ಕಡೆಗೆ ಹರಡಿ ಮುಚ್ಚಿ, ಕಾಲಿನಿಂದ ಚೆನ್ನಾಗಿ ತುಳಿಯಿರಿ. ಎರಡು ಬಿದಿರಿನ ಗೂಟಗಳನ್ನು ಕತ್ತರಿಯಾಕಾರದಲ್ಲಿ ನಿಲ್ಲಿಸಿ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ. ಪ್ಲಾಸ್ಟಿಕ್ ಹಗ್ಗ ಬೇಡ, ಅದು ಕಾಂಡವನ್ನು ಕೊರೆಯುತ್ತದೆ, ಆಮೇಲೆ ಹೊಳೆ ಸೇರುತ್ತದೆ. ಗಿಡದಿಂದ ಗಿಡಕ್ಕೆ ಮೂರು ಮೀಟರ್ ಅಂತರವಿರಲಿ.

ಕಾಲದ ವಿಷಯದಲ್ಲಿ ಅವಸರ ಬೇಡ. ಕೆರೆಯಂಚು, ಜೌಗು ಮೂಲೆಯಂಥ ಶಾಂತ ನೀರಿನ ಜಾಗಕ್ಕೆ ಮೃಗಶಿರ, ಆರಿದ್ರಾ ಮಳೆಯಲ್ಲಿ ನೆಡಬಹುದು. ರಭಸದ ತೋಡಿನ ದಂಡೆಗೆ ಆಗ ನೆಟ್ಟರೆ ಪುನರ್ವಸು, ಪುಷ್ಯದ ನೆರೆ ಗೂಟಸಮೇತ ಒಯ್ಯುತ್ತದೆ. ಅಲ್ಲಿಗೆ ಮಘೆ, ಹುಬ್ಬೆ ಮಳೆಯೇ ಸರಿ. ನೆರೆ ಇಳಿದಿರುತ್ತದೆ, ನೆಲದಲ್ಲಿ ಪಸೆ ಇರುತ್ತದೆ, ಮುಂದಿನ ಜೂನಿನೊಳಗೆ ಬೇರು ಹಿಡಿಯಲು ಒಂಬತ್ತು ತಿಂಗಳು ಸಿಗುತ್ತದೆ. ಜೂನ್ ಐದರ ಪರಿಸರ ದಿನದ ಫೋಟೋಗಾಗಿ ತೋಡಿನ ಬದಿ ನೆಡುವ ಕಾರ್ಯಕ್ರಮವನ್ನು ದಯವಿಟ್ಟು ಮುಂದೂಡಿ. ತಡವಾಗಿ ನೆಟ್ಟದ್ದಕ್ಕೆ ಮೊದಲ ಬೇಸಿಗೆ ವಾರಕ್ಕೆರಡು ಸಲ ನೀರು ಹೊಯ್ಯಲೇಬೇಕು.

ನೆಟ್ಟ ಮೇಲೆ

ಚಿಗುರಿತೇ ಎಂದು ಅಲುಗಾಡಿಸಿ ನೋಡಬೇಡಿ. ಸುಳಿಯಿಂದ ಹೊಸ ಎಲೆ ಮೇಲೆದ್ದರೆ ಬೇರು ಹಿಡಿದಿದೆ ಎಂದೇ ಅರ್ಥ. ಸುತ್ತಲಿನ ಕಳೆಯನ್ನು ಕೈಯಿಂದ ಕೀಳಿ. ಕಳೆನಾಶಕ ಸಿಂಪಡಿಸಬೇಡಿ, ಯೂರಿಯಾ ಹಾಕಬೇಡಿ. ಎರಡೂ ಮೊದಲ ಮಳೆಗೇ ನೀರು ಸೇರುತ್ತವೆ. ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಮೇಲೆ ಡ್ರಮ್ಮು, ಪಂಪುಗಳನ್ನು ತೋಡಿನಲ್ಲಿ ತೊಳೆಯಬೇಡಿ. ಅದರಲ್ಲಿರುವ ಮೈಲುತುತ್ತು ಮೀನಿಗೂ ಕಪ್ಪೆಮರಿಗೂ ವಿಷ. ತೊಳೆದ ನೀರನ್ನು ತೋಟದ ಒಳಗೇ, ತೋಡಿನಿಂದ ದೂರ ಚೆಲ್ಲಿ.

ಮೊದಲ ಎರಡು ವರ್ಷ ದನ, ಎಮ್ಮೆ ತುಳಿಯದಂತೆ ಮುಳ್ಳಿನ ಬೇಲಿ ಬೇಕು. ಹಂದಿ ಹೊಸ ಮಣ್ಣನ್ನು ಕೆದಕುವ ಕಡೆ ಬುಡದ ಸುತ್ತ ನಾಲ್ಕು ದೊಡ್ಡ ಕಲ್ಲು ಒತ್ತಿಡಿ.

ಎಲೆ, ಹೂ ಕೊಯ್ಯುವುದು

ಅಷ್ಟಮಿ, ಚೌತಿ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಮೂಡೆಯಾಗಬೇಕು. ಎಲೆಯ ಮುಳ್ಳನ್ನೂ ನಡುದಿಂಡನ್ನೂ ತೆಗೆದು, ಬೆಂಕಿಗೆ ತುಸು ಬಾಡಿಸಿ, ಸುತ್ತಿ ಕೊಳವೆ ಮಾಡಿ, ಅದರಲ್ಲಿ ಅಕ್ಕಿ-ಉದ್ದಿನ ಹಿಟ್ಟು ಹೊಯ್ದು ಬೇಯಿಸುವ ಕಡುಬು ಅದು. ಎಲೆಯ ಪರಿಮಳ ಹಿಟ್ಟಿಗೆ ಇಳಿಯುವುದರಿಂದಲೇ ಅದಕ್ಕೆ ಆ ರುಚಿ. ಈ ಅಡುಗೆ ಉಳಿಯಬೇಕು, ಅದಕ್ಕಾಗಿ ಗಿಡವೂ ಉಳಿಯಬೇಕು. ಒಂದು ತಲೆಯಿಂದ ನಾಲ್ಕು ಎಲೆಗಿಂತ ಹೆಚ್ಚು ಕೊಯ್ಯಬೇಡಿ, ಹೊರಸುತ್ತಿನಿಂದಲೇ ಕೊಯ್ಯಿರಿ, ತಲೆಯನ್ನೇ ಕಡಿದು ಕೆಳಗೆ ಬೀಳಿಸಿ ಎಲೆ ಆರಿಸುವ ಪದ್ಧತಿಯನ್ನು ಬಿಡಿ. ಮಾರುವವರು ಹೆಚ್ಚಾಗಿ ಹೀಗೇ ಕಡಿಯುತ್ತಾರೆ, ಏಕೆಂದರೆ ಗಿಡ ಅವರದಲ್ಲ. ನಿಮ್ಮ ಜಾಗಕ್ಕೆ ಬಂದು ಕೊಯ್ಯುವವರಿಗೆ ಶರತ್ತು ಹಾಕಿಯೇ ಬಿಡಿ.

ಕೊಂಬೆಯಿಂದ ಬೆಳೆದ ಗಿಡ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ, ಜುಲೈನಿಂದ ಅಕ್ಟೋಬರ್‌ವರೆಗೆ. ನಾಗರಪಂಚಮಿಗೆ ಬೇಡಿಕೆ ಇರುವುದರಿಂದ ಅರಳದ ಮೊಗ್ಗನ್ನೇ ಸುಳಿಸಮೇತ ಕಿತ್ತು ತರುವವರಿದ್ದಾರೆ. ಹಾಗೆ ಕೀಳಬೇಡಿ. ಹೊದಿಕೆ ಸಡಿಲವಾಗಿ ಪರಿಮಳ ಹೊರಟ ಮೇಲೆ, ಬೆಳಗಿನ ಜಾವ, ಹೂವಿನ ತೊಟ್ಟನ್ನಷ್ಟೇ ಉದ್ದ ಹಿಡಿಯ ಕುಡುಗೋಲಿನಿಂದ ಕತ್ತರಿಸಿ. ಪ್ರತಿ ಹಿಂಡಿನಲ್ಲೂ ಕೆಲವು ಗಂಡು ಹೂ ಗಿಡದಲ್ಲೇ ಉಳಿಯಲಿ, ಹೆಣ್ಣು ಗಿಡಕ್ಕೆ ಪರಾಗ ಬೇಕು. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಇದೇ ಕೇದಗೆಯ ಗಂಡು ಹೂವನ್ನು ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ ಕೇವಡಾ ಅತ್ತರು ಮಾಡುತ್ತಾರೆ, ಗಂಜಾಮಿನ ಕೇದಗೆ ಹೂವಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಲ್ಲಿ ಗದ್ದೆಬದುವಿನ ಕೇದಗೆ ಕುಟುಂಬದ ಆದಾಯ, ಆದ್ದರಿಂದ ಅದನ್ನು ಕಡಿಯುವ ಮೊದಲು ಜನ ಯೋಚಿಸುತ್ತಾರೆ. ನಮ್ಮಲ್ಲೂ ಮೂಡೆ ಎಲೆಗೆ ಹಬ್ಬದ ವಾರದಲ್ಲಿ ಒಳ್ಳೆಯ ಬೆಲೆ ಇದೆ. ಸ್ವಸಹಾಯ ಸಂಘಗಳು ಸ್ವಂತ ಜಾಗದಲ್ಲಿ ನೆಟ್ಟು, ಲೆಕ್ಕ ಇಟ್ಟು ಕೊಯ್ದರೆ ತೋಡಿನ ಬದಿಯ ಹಳೆಯ ಹಿಂಡುಗಳ ಮೇಲಿನ ಒತ್ತಡ ಇಳಿಯುತ್ತದೆ.

ಒಪ್ಪಿಗೆ

ಸ್ವಂತ ಜಾಗವಾದರೆ ಯಾರ ಅಪ್ಪಣೆಯೂ ಬೇಡ. ಸರ್ಕಾರಿ ಕೆರೆ, ಹೊಳೆಯಂಚು ಆದರೆ ಅದು ಪಂಚಾಯತಿಯದೋ ಸಣ್ಣ ನೀರಾವರಿ ಇಲಾಖೆಯದೋ ವಿಚಾರಿಸಿ, ಬರಹದಲ್ಲೇ ಒಪ್ಪಿಗೆ ಪಡೆಯಿರಿ. ಗಿಡ ನೆಡುವ ನೆಪದಲ್ಲಿ ಬೇಲಿ ಮುಂದಕ್ಕೆ ಸರಿಸುವುದು ಒತ್ತುವರಿಯೇ. ಅಧಿಸೂಚಿತ ಜೌಗುಭೂಮಿಗಳಲ್ಲಿ 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಒತ್ತುವರಿಯನ್ನೂ ಕಸ ಸುರಿಯುವುದನ್ನೂ ನಿಷೇಧಿಸಿವೆ. ಸಮುದ್ರದಂಚಿನ ಮರಳುದಿಬ್ಬಗಳಿಗೆ ಕರಾವಳಿ ನಿಯಂತ್ರಣ ವಲಯದ ಕಟ್ಟಳೆ ಇದೆ, ಅಲ್ಲಿ ದಿಬ್ಬ ಸಮತಟ್ಟು ಮಾಡಿ ಗಿಡ ನೆಡುವಂತಿಲ್ಲ.

ಒಪ್ಪಿಗೆ ಪತ್ರದ ಜೊತೆಗೇ ಮೂರು ವರ್ಷದ ನಿಗಾ ಯಾರದೆಂದು ಹೆಸರು ಬರೆದು ಕೊಡಿ. ನೀರು ಹೊಯ್ಯುವವರು, ಬೇಲಿ ನೋಡಿಕೊಳ್ಳುವವರು, ಹೂಳೆತ್ತುವ ದಿನ ಯಂತ್ರದ ಮುಂದೆ ನಿಲ್ಲುವವರು ಗೊತ್ತಾಗಿರದಿದ್ದರೆ ಆ ವರ್ಷ ನೆಡಬೇಡಿ.